ಬೋರ್ಡು ಬೇರೆ, ಒಲೆ ಒಂದೇ

ಬ್ರೌಸರ್ ಅಂದರೇನು ಅಂತ ನಮ್ಮ ಅಂಗಡಿಗೆ ಬರುವವರನ್ನು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ‘ಗೂಗಲ್’ ಅನ್ನುತ್ತಾರೆ. ಉಳಿದ ಒಬ್ಬರು ‘ಇಂಟರ್ನೆಟ್ಟು’ ಅನ್ನುತ್ತಾರೆ. ಅವರನ್ನು ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ. ನಲ್ಲಿಯಲ್ಲಿ ನೀರು ಬಂದರೆ ಸಾಕು, ಪೈಪು ಯಾವ ಕಂಪನಿಯದು ಅಂತ ಯಾರು ಬಗ್ಗಿ ನೋಡುತ್ತಾರೆ? ನನಗೆ ಮಾತ್ರ ಆ ಪೈಪಿನ ಹುಚ್ಚು ಹತ್ತಿ ಹದಿನೈದು ವರ್ಷದ ಮೇಲಾಯಿತು. ಶಿಡ್ಲಘಟ್ಟದಲ್ಲಿ ಹುಟ್ಟಿ, ಚಿಂತಾಮಣಿಯಲ್ಲಿ ಓದಿ, ಈಗ ಚಿಕ್ಕಬಳ್ಳಾಪುರದಲ್ಲಿ ಜೆರಾಕ್ಸು, ಆನ್‌ಲೈನ್ ಅರ್ಜಿ ಅಂತ ಸಣ್ಣ ಅಂಗಡಿ ಇಟ್ಟುಕೊಂಡವನಿಗೆ ಈ ಹುಚ್ಚು ಹೊಟ್ಟೆಪಾಡೂ ಹೌದು.

ನಮ್ಮ ತಾಲ್ಲೂಕುಗಳು ಕೋಲಾರದಿಂದ ಬೇರೆಯಾಗಿ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಆಗ ನಾನು ಚಿಂತಾಮಣಿಯ ಒಂದು ಸೈಬರ್ ಸೆಂಟರಿನಲ್ಲಿ ಕಾಲೇಜು ಮುಗಿಸಿ ಬಂದು ಸಂಜೆ ಕೂರುತ್ತಿದ್ದೆ. ಒಂದು ಕಂಪ್ಯೂಟರಿನಲ್ಲಿ ಯಾರೋ ಫೈರ್‌ಫಾಕ್ಸ್ ಹಾಕಿದ್ದರು. ಅದರಲ್ಲಿ ಕನ್ನಡ ಸೈಟು ತೆರೆದರೆ ಸುಮಾರು ಕಡೆ ಕನ್ನಡವೇ ಇರುತ್ತಿರಲಿಲ್ಲ. ‘ನ’ ಇರಬೇಕಾದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಗುರುತು, ಸುತ್ತ ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳು. ಕಾರಣ ಸರಳ. ಅಂಥ ಸೈಟುಗಳು ಯುನಿಕೋಡ್ ಬಳಸುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರದ ಮೇಲೆ ಕನ್ನಡದ ಫಾಂಟು ಹೊದಿಸಿ ತೋರಿಸುತ್ತಿದ್ದವು. ಆ ಫಾಂಟನ್ನು ಪುಟದ ಜೊತೆಗೇ ಕಳಿಸುವ ಇಒಟಿ ಎಂಬ ವ್ಯವಸ್ಥೆ ಮೈಕ್ರೋಸಾಫ್ಟಿನದು, ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದಕ್ಕೇ ಅರ್ಥವಾಗುತ್ತಿತ್ತು. ಬೇರೆ ಬ್ರೌಸರಿನವರಿಗೆ ಹೊದಿಕೆ ಸಿಗುತ್ತಿರಲಿಲ್ಲ, ಒಳಗಿನ ಕಸ ಮಾತ್ರ ಕಾಣುತ್ತಿತ್ತು. ಕನ್ನಡ ಓದಲು ಒಂದು ಕಂಪನಿಯ ಕಿಟಕಿಯಲ್ಲೇ ಇಣುಕಬೇಕು ಅನ್ನುವುದು ನನಗೆ ಆಗಲೇ ವಿಚಿತ್ರವಾಗಿ ಕಂಡಿತ್ತು. ಸೈಟುಗಳು ಒಂದೊಂದಾಗಿ ಯುನಿಕೋಡಿಗೆ ಬಂದ ಮೇಲೆ ಆ ಕಷ್ಟ ತೀರಿತು.

ಫೋನಿನ ಕತೆ ಇನ್ನೂ ಚೆನ್ನಾಗಿದೆ. ಕಂಪ್ಯೂಟರಿನಲ್ಲಿ ಬದಲಿ ಬ್ರೌಸರ್ ಅನ್ನುವುದು ನನ್ನಂಥ ನಾಲ್ಕು ಜನರ ಶೋಕಿ. ಫೋನಿನಲ್ಲಿ ಅದು ಇಡೀ ಊರಿನ ಅಗತ್ಯವಾಯಿತು. ನಮ್ಮ ಕಡೆ ಜಿಪಿಆರ್‌ಎಸ್‌ಗೆ 10 ಕೆಬಿಗೆ 10 ಪೈಸೆ ಕತ್ತರಿಸುತ್ತಿದ್ದ ಕಾಲ. ಅಂದರೆ ಒಂದು ಎಂಬಿಗೆ ಹತ್ತು ರೂಪಾಯಿಯ ಮೇಲೆ. ಒಂದು ಪೇಪರಿನ ಮುಖಪುಟ ತೆರೆದರೆ ಎರಡು ಟೀ ಕಾಸು ಹೋಯಿತು! 2006ರಲ್ಲಿ ಜಗತ್ತಿಗೆಲ್ಲ ಬಿಡುಗಡೆಯಾಗಿದ್ದ ನಾರ್ವೆಯ ಒಪೆರಾ ಮಿನಿ ಪುಟವನ್ನು ಫೋನಿನಲ್ಲಿ ಬಿಚ್ಚುತ್ತಲೇ ಇರಲಿಲ್ಲ. ತನ್ನ ಸರ್ವರಿನಲ್ಲೇ ಬಿಚ್ಚಿ, ಹಿಂಡಿ, ಹಿಡಿಯಷ್ಟು ಮಾಡಿ ಕಳಿಸುತ್ತಿತ್ತು. ಹತ್ತು ರೂಪಾಯಿಯ ಪುಟ ಒಂದೆರಡು ರೂಪಾಯಿಗೆ ಇಳಿಯುತ್ತಿತ್ತು.

ಆದರೆ ಕನ್ನಡ ಬರುತ್ತಿರಲಿಲ್ಲ, ಬರೀ ಚೌಕಗಳು. ಆಗ ಒಂದು ಗುಟ್ಟು ಹಬ್ಬಿತು. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಅಂತ ಇಂಗ್ಲಿಷಿನಲ್ಲಿ ಹೊಡೆದು, ಬರುವ ಪಟ್ಟಿಯಲ್ಲಿ ‘ಬಿಟ್‌ಮ್ಯಾಪ್ ಫಾಂಟ್ಸ್’ ಅನ್ನುವ ಸಾಲಿಗೆ ‘ಯೆಸ್’ ಕೊಟ್ಟು ಸೇವ್ ಮಾಡಬೇಕು. ಆಮೇಲೆ ಸರ್ವರು ಕನ್ನಡದ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಅಕ್ಷರ ಸಣ್ಣದು, ಕಾಪಿ ಮಾಡಲು ಬಾರದು, ಡೇಟಾ ಸ್ವಲ್ಪ ಜಾಸ್ತಿ. ಆದರೂ ಕನ್ನಡ! ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಹೊರಗೆ ಟೀ ಅಂಗಡಿಯಲ್ಲಿ ನೂಲು ಬಿಚ್ಚಾಣಿಕೆಯ ಹುಡುಗರು ಒಬ್ಬರ ನೋಕಿಯಾ ಇನ್ನೊಬ್ಬರು ಇಸಕೊಂಡು ಈ ಸೆಟ್ಟಿಂಗ್ ಮಾಡಿಕೊಡುತ್ತಿದ್ದರು. ಮನೆಯಲ್ಲಿ ತೆಲುಗು, ಪೇಟೆಯಲ್ಲಿ ಕನ್ನಡ ಆಡುವ ಊರು ನಮ್ಮದು. ಒಂದೇ ‘ಯೆಸ್’ಗೆ ಎರಡೂ ಲಿಪಿ ಮೂಡುತ್ತಿದ್ದವು. ಯಾವ ಜಾಹೀರಾತೂ ಮಾಡದ ಪ್ರಚಾರವನ್ನು ಆ ಟೀ ಅಂಗಡಿ ಮಾಡಿತು ಅಂತ ಈಗಲೂ ನಂಬಿದ್ದೇನೆ.

ಆಮೇಲೆ ಆಂಡ್ರಾಯ್ಡ್ ಬಂತು, ಅದರ ಜೊತೆ ಚೀನಾದ ಯುಸಿ ಬ್ರೌಸರ್. ಹಾಡು, ಸಿನಿಮಾ ಡೌನ್‌ಲೋಡಿಗೆ ಅದನ್ನು ಮೀರಿಸಿದ್ದಿಲ್ಲ. ಕರೆಂಟು ಹೋಗಿ ಟವರ್ ಸತ್ತರೂ ಬಿಟ್ಟ ಕಡೆಯಿಂದ ಮುಂದುವರಿಸುತ್ತಿತ್ತು. ಬಳಸುವವರ ಮಾಹಿತಿ ಸೋರುತ್ತಿದೆ ಅಂತ ಟೊರಾಂಟೊದ ಸಿಟಿಜನ್ ಲ್ಯಾಬ್ 2015ರಲ್ಲೇ ಹೇಳಿತ್ತು. ನಮ್ಮ ಹುಡುಗರು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2020ರ ಜೂನ್ 29ರಂದು ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಹೋಯಿತು.

ನಮ್ಮದೇ ರಾಜ್ಯದಲ್ಲಿ ಹುಟ್ಟಿದ ಬ್ರೌಸರೂ ಒಂದಿದೆ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಕಂಪನಿ 2010ರ ಜುಲೈನಲ್ಲಿ ‘ಎಪಿಕ್’ ಬಿಡುಗಡೆ ಮಾಡಿತು. ಫೈರ್‌ಫಾಕ್ಸಿನ ಕೋಡಿನ ಮೇಲೆ ಕಟ್ಟಿದ್ದು, ಕನ್ನಡ ಟೈಪಿಸುವ ಸೌಲಭ್ಯ ಒಳಗೇ ಇತ್ತು. ಪಕ್ಕದಲ್ಲೊಂದು ಪಟ್ಟಿ, ಅದರ ತುಂಬ ಗುಂಡಿಗಳು, ಸಂತೆಯ ಹಾಗೆ. ಆದರೂ ‘ಇದು ನಮ್ಮ ಕಡೆಯದು’ ಅಂತ ಸೈಬರಿಗೆ ಬಂದವರಿಗೆಲ್ಲ ತೋರಿಸುತ್ತಿದ್ದೆ. 2013ರಲ್ಲಿ ಅದೇ ಎಪಿಕ್ ಖಾಸಗಿತನ ಕಾಪಾಡುವ ಬ್ರೌಸರ್ ಅಂತ ವೇಷ ಬದಲಿಸಿತು, ಮುಂದೆ ಫೋನುಗಳಿಗೂ ಬಂತು. ವೇಷದ ಜೊತೆ ಒಳಗಿನದೂ ಬದಲಾಯಿತು. ಫೈರ್‌ಫಾಕ್ಸಿನ ಗೆಕ್ಕೊ ಎಂಜಿನ್ ಹೋಗಿ, ಗೂಗಲಿನ ಕ್ರೋಮಿಯಂ ಬಂದು ಕೂತಿತು.

ನನ್ನ ತಕರಾರು ಶುರುವಾಗುವುದು ಇಲ್ಲೇ. ಎಂಜಿನ್ ಅಂದರೆ ಪುಟದ ಕೋಡನ್ನು ಬೇಯಿಸಿ ನಮಗೆ ಬಡಿಸುವ ಒಲೆ. ಒಪೆರಾ 2013ರಲ್ಲಿ ತನ್ನ ಒಲೆ ಆರಿಸಿತು. ಮೈಕ್ರೋಸಾಫ್ಟಿನ ಎಡ್ಜ್ 2020ರಲ್ಲಿ ಅದೇ ದಾರಿ ಹಿಡಿಯಿತು. ಬ್ರೇವ್ ಅದೇ, ವಿವಾಲ್ಡಿ ಅದೇ. ಸ್ವದೇಶಿ ಬ್ರೌಸರಿಗಾಗಿ ಕೇಂದ್ರ ಸರ್ಕಾರ ನಡೆಸಿದ ಸ್ಪರ್ಧೆಯಲ್ಲಿ 2025ರ ಮಾರ್ಚ್‌ನಲ್ಲಿ ಒಂದು ಕೋಟಿ ರೂಪಾಯಿ ಗೆದ್ದ ಜೋಹೊದ ‘ಉಲಾ’ ಕೂಡ ಕ್ರೋಮಿಯಂ. ಐಫೋನಿನದು ಇನ್ನೊಂದು ತಮಾಷೆ: ನಮ್ಮ ದೇಶದಲ್ಲಿ ಅದಕ್ಕೆ ಫೈರ್‌ಫಾಕ್ಸ್ ಹಾಕಿದರೂ ಒಳಗೆ ಉರಿಯುವುದು ಆಪಲ್ಲಿನ ಒಲೆಯೇ. ಹೆದ್ದಾರಿಯಲ್ಲಿ ಹತ್ತು ಹೋಟೆಲಿನ ಬೋರ್ಡು, ಹಿಂದೆ ಹೋಗಿ ನೋಡಿದರೆ ಒಂದೇ ಅಡುಗೆಮನೆ.

ಆಗಲಿ, ಊಟ ಬಂದರಾಯಿತಲ್ಲ ಅನ್ನಬಹುದು. ಗೌರಿಬಿದನೂರಿನ ಕಡೆಯ ಒಬ್ಬರು ಮಗಳ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಸಂಜೆ ನನ್ನಲ್ಲಿಗೆ ಬಂದರು. ಹುಡುಗಿ ಎರಡು ದಿನದಿಂದ ಮನೆಯ ಜಿಯೋಫೋನಿನಲ್ಲಿ ಒದ್ದಾಡಿದ್ದಳು, ಪುಟ ಬೆಳ್ಳಗೇ ಇತ್ತಂತೆ. ನನ್ನ ಫೈರ್‌ಫಾಕ್ಸಿನಲ್ಲಿ ಪುಟ ಬಂತು, ‘ಸಲ್ಲಿಸಿ’ ಗುಂಡಿ ಅಲುಗಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಕ್ರೋಮಿನಲ್ಲೇ ತೆರೆಯಬೇಕು ಅಂತ ಬರೆದಿತ್ತು. ಕ್ರೋಮಿನಲ್ಲಿ ಐದು ನಿಮಿಷದ ಕೆಲಸ. “ಅಲ್ಲಣ್ಣಾ, ಇನ್ನೊಂದರಲ್ಲಿ ಯಾಕಾಗಲ್ಲ?” ಅಂತ ಅವರು ಕೇಳಿದರು. ಬರೆದವರು ಇನ್ನೊಂದರಲ್ಲಿ ತೆರೆದು ನೋಡಿಲ್ಲ, ಅಷ್ಟೇ. ಎಕ್ಸ್‌ಪ್ಲೋರರ್ ಕಾಲದ ಆ ಸಣ್ಣ ಅಕ್ಷರಗಳು ಹೆಸರು ಬದಲಿಸಿಕೊಂಡು ಬಂದಿವೆ. ದಕ್ಷಿಣ ಕೊರಿಯಾದವರು ಬ್ಯಾಂಕು, ಸರ್ಕಾರದ ಕೆಲಸವನ್ನೆಲ್ಲ ಎಕ್ಸ್‌ಪ್ಲೋರರಿಗೇ ಗಂಟುಹಾಕಿ, ಆ ಗಂಟು ಬಿಚ್ಚಲು ವರ್ಷಗಟ್ಟಲೆ ಪರದಾಡಿದರು. ಶಿಡ್ಲಘಟ್ಟದವರಿಗೆ ಇದನ್ನು ವಿವರಿಸಬೇಕಿಲ್ಲ. ಹತ್ತು ಜನ ರೀಲರುಗಳು ಕೂಗಿದರೆ ಗೂಡಿಗೆ ಒಂದು ಬೆಲೆ, ಒಬ್ಬನೇ ನಿಂತರೆ ಅವನು ಹೇಳಿದ್ದೇ ಬೆಲೆ.

ಆ ಜಿಯೋಫೋನಿನ ವಿಷಯ ಹೇಳಲೇಬೇಕು. ಮೊಜಿಲ್ಲಾದವರು ಬಡವರ ಸ್ಮಾರ್ಟ್‌ಫೋನಿಗೆಂದು ಫೈರ್‌ಫಾಕ್ಸ್ ಓಎಸ್ ಮಾಡಿದ್ದರು. 2014ರಲ್ಲಿ ಇಂಟೆಕ್ಸ್ ಕಂಪನಿ ಅದನ್ನು 1,999 ರೂಪಾಯಿಯ ಫೋನಿನಲ್ಲಿ ತಂದಿತು, ಓಡಲಿಲ್ಲ. ಮೊಜಿಲ್ಲಾ ಕೈಬಿಟ್ಟ ಕೋಡಿನಿಂದಲೇ ಕೈಓಎಸ್ ಹುಟ್ಟಿ, 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನಿನೊಳಗೆ ಕೂತು ಹಳ್ಳಿಹಳ್ಳಿಗೆ ಹೋಯಿತು. ಗೆಕ್ಕೊ ಎಂಬ ಹೆಸರನ್ನೇ ಕೇಳದವರ ಜೇಬಿನಲ್ಲಿ ಗೆಕ್ಕೊ! ಆದರೆ ಅದು 2016ರ ಗೆಕ್ಕೊ, ಅಲ್ಲಿಂದ ಹೊಸದಾಗಲಿಲ್ಲ. ನಮ್ಮ ದೊಡ್ಡಪ್ಪ ರೀಲರು. “ಏಮ್ರಾ ಇದಿ, ಓಪನ್ ಕಾಲೇದು” ಅಂತ ತಮ್ಮ ಜಿಯೋಫೋನನ್ನು ನನ್ನ ಮುಂದೆ ಹಿಡಿದಾಗೆಲ್ಲ ಹೇಳಲು ಉತ್ತರವಿರುತ್ತಿರಲಿಲ್ಲ.

ಫೈರ್‌ಫಾಕ್ಸನ್ನೇನೂ ನಾನು ಪೂಜೆ ಮಾಡುವುದಿಲ್ಲ. ಅದರ ಆದಾಯದ ದೊಡ್ಡ ಪಾಲು ಬರುವುದೇ ಹುಡುಕಾಟಕ್ಕೆ ಗೂಗಲನ್ನು ಮುಂದಿಟ್ಟದ್ದಕ್ಕೆ ಗೂಗಲ್ ಕೊಡುವ ದುಡ್ಡಿನಿಂದ. ಅಂಥ ಪಾವತಿ ನಿಲ್ಲಿಸಬೇಕಿಲ್ಲ ಅಂತ 2025ರ ಸೆಪ್ಟೆಂಬರಿನಲ್ಲಿ ಅಮೆರಿಕದ ನ್ಯಾಯಾಲಯ ಹೇಳಿದಾಗ ಫೈರ್‌ಫಾಕ್ಸಿನವರೂ ಉಸಿರು ಬಿಟ್ಟಿರಬೇಕು. ಎದುರಾಳಿಯ ಕೂಲಿಯಲ್ಲಿ ಬದುಕುವ ಪೈಲ್ವಾನ! ಆದರೂ ಆಂಡ್ರಾಯ್ಡಿನಲ್ಲಿ ಸ್ವಂತ ಒಲೆ ಉಳಿಸಿಕೊಂಡಿರುವ ದೊಡ್ಡ ಹೆಸರು ಅದೊಂದೇ. ಮೆನು ಕನ್ನಡದಲ್ಲಿ ಸಿಗುತ್ತದೆ. 2023ರ ಡಿಸೆಂಬರಿನಿಂದ ಫೋನಿನಲ್ಲೂ ನೂರಾರು ಎಕ್ಸ್‌ಟೆನ್ಷನ್ ಹಾಕಬಹುದು. ಫೋನಿನ ಕ್ರೋಮಿನಲ್ಲಿ ಆ ದಾರಿಯೇ ಇಲ್ಲ.

ದೊಡ್ಡಪ್ಪನಿಗೆ ಮಗ ಈಚೆಗೆ ಆಂಡ್ರಾಯ್ಡ್ ಕೊಡಿಸಿದ. ಮೊದಲ ವಾರದಲ್ಲೇ ‘ನಿಮ್ಮ ಫೋನಿಗೆ ವೈರಸ್’ ಅನ್ನುವ ಜಾಹೀರಾತು ಒತ್ತಿ ಹೆದರಿಕೊಂಡು ಬಂದರು. ಫೈರ್‌ಫಾಕ್ಸ್ ಹಾಕಿ, ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಸೇರಿಸಿ, ಅಕ್ಷರ ದೊಡ್ಡದು ಮಾಡಿಕೊಟ್ಟೆ. ಕ್ರೋಮನ್ನು ತೆಗೆಯಲಿಲ್ಲ, ಪಕ್ಕದಲ್ಲೇ ಇಟ್ಟೆ. ಬೆಳಗ್ಗೆ ಮೊದಲು ನರಿ ಒತ್ತುತ್ತಾರೆ. ಅದರಲ್ಲಿ ಪುಟ ಬೆಳ್ಳಗೆ ಕೂತ ದಿನ ಬೈದುಕೊಂಡು ಬಣ್ಣದ ಚಕ್ರ ಒತ್ತುತ್ತಾರೆ. ಯಾವ ಪುಟ ಎಲ್ಲಿ ಬರಲಿಲ್ಲ ಅಂತ ನನಗೆ ಫೋನ್ ಮಾಡುತ್ತಾರೆ. ನಾನು ಬರೆದಿಟ್ಟುಕೊಳ್ಳುತ್ತೇನೆ, ಆ ಸೈಟಿನವರಿಗೆ ಮೇಲ್ ಹಾಕುತ್ತೇನೆ. ಈ ವರ್ಷ ಇಬ್ಬರು ಸರಿ ಮಾಡಿದ್ದಾರೆ.