ನೀರಿನ ದಾರಿ

ಗೃಹಸ್ಥರೊಬ್ಬರ ಮಗನು ತನ್ನ ಮೇಜಿನ ಗಣಕಯಂತ್ರಕ್ಕೆ ನೀರಿನ ತಂಪನ್ನು ಏರ್ಪಡಿಸಲು ನಿಶ್ಚಯಿಸಿದನು. ಒಂದು ವರ್ಷದ ಉಳಿತಾಯವೂ ಅಕ್ಕನ ಸಂಶೋಧನ ಪ್ರಬಂಧವೂ ಆ ಪೆಟ್ಟಿಗೆಯಲ್ಲಿಯೇ ಇದ್ದುವು. “ವಿದ್ಯುತ್ತು ಹರಿಯುವಲ್ಲಿಗೆ ನೀರು ಬಿಡುವೆಯೇನೋ?” ಎಂದು ತಾಯಿ ಗದರಿದರು.

ಆತನು ಅವಸರಪಡಲಿಲ್ಲ. ಮೊದಲು ನೀರಿನ ದಾರಿಯನ್ನು ಕಾಗದದ ಮೇಲೆ ಬರೆದನು: ತೊಟ್ಟಿ, ಅದರ ಕೆಳಗೆ ಪಂಪು, ಬಳಿಕ ಪ್ರೊಸೆಸರಿನ ಮೇಲಣ ತಾಮ್ರದ ವಾಟರ್ ಬ್ಲಾಕ್, ಕೊನೆಗೆ ರೇಡಿಯೇಟರು, ಅಲ್ಲಿಂದ ಮರಳಿ ತೊಟ್ಟಿಗೆ. ನೀರಿಲ್ಲದೆ ಓಡಿದ ಪಂಪು ಕೆಡುವುದು. ಅದಕ್ಕಾಗಿಯೇ ತೊಟ್ಟಿಯು ಮೇಲೆ. ತಾಮ್ರದೊಡನೆ ಒಂದೇ ನೀರಿನಲ್ಲಿ ಸೇರಿದ ಅಲ್ಯೂಮಿನಿಯಮ್ಮು ಸವೆಯುವುದು. ಆದುದರಿಂದ ಅಲ್ಯೂಮಿನಿಯಮ್ಮಿನ ಅಗ್ಗದ ರೇಡಿಯೇಟರನ್ನು ಕೈಬಿಟ್ಟನು. ನೀರು ಶಾಖವನ್ನು ನುಂಗುವುದಿಲ್ಲ, ಹೊರುವುದು. ಸಮತೂಕದ ಗಾಳಿಗಿಂತ ಸುಮಾರು 4 ಪಾಲು ಹೆಚ್ಚಾಗಿ. ಆ ಹೊರೆಯನ್ನು ಇಳಿಸುವುದು ರೇಡಿಯೇಟರಿನ ಕೆಲಸ. ಅದಾದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು.

1985ರ ಕ್ರೇ-2 ಗಣಕದ ಮಂಡಲಗಳನ್ನು ವಿದ್ಯುತ್ತು ಹರಿಯದ ದ್ರವದಲ್ಲಿಯೇ ಮುಳುಗಿಸಿದ್ದರು. ಬಡ ನೀರಿಗೆ ಆ ಗುಣವಿಲ್ಲ. ಎಂತಲೇ ಯೋಜನೆಯ ಕಡೆಯಲ್ಲಿ ಹೀಗೆ ಬರೆದನು: “ಪ್ರಬಂಧದ ಪ್ರತಿಯನ್ನು ಬೇರೆಡೆ ಇಡುವುದು. ಪಂಪಿಗೆ ಮಾತ್ರ ವಿದ್ಯುತ್ತು ಕೊಟ್ಟು, ಜೋಡಣೆಗಳ ಕೆಳಗೆ ಕಾಗದ ಹಾಸಿ, 24 ಗಂಟೆ ಕಾಯುವುದು.”

ತಾಯಿ ಅದನ್ನೋದಿದರು. ಮಾತನಾಡದೆ ಒಳಗೆ ಹೋಗಿ, ಹಳೆಯ ಪತ್ರಿಕೆಗಳ ಕಟ್ಟನ್ನು ತಂದು ಅವನ ಮುಂದಿಟ್ಟರು.