ಧಾರವಾಡದ ಕನ್ನಡದಲ್ಲಿ ಬಂದ ಫೋನು

ಪುಣೆಯ ಕೋಥ್ರೂಡ್‌ನಲ್ಲಿ ಮೂವತ್ತು ವರ್ಷಗಳಿಂದ ನೆಲೆಸಿರುವ ಧಾರವಾಡದ ದಂಪತಿ. ಗಂಡ ಬ್ಯಾಂಕಿನಿಂದ ನಿವೃತ್ತರು. 2023ರ ಆಗಸ್ಟ್‌ನಲ್ಲಿ ಅವರ ಕಾರಿನ ಇನ್ಶೂರೆನ್ಸ್ ಮುಗಿಯುವ ದಿನ ಬೆಳಿಗ್ಗೆ ಮೊಬೈಲಿನಲ್ಲಿ ಕಡಿಮೆ ದರದ ಪಾಲಿಸಿ ಹುಡುಕಿದರು. ಮೊದಲು ಕಂಡ ಜಾಹೀರಾತನ್ನು ಒತ್ತಿ ಹೆಸರು, ಫೋನ್ ನಂಬರು, ಗಾಡಿ ನಂಬರು ತುಂಬಿದರು. ದರ ಮಾತ್ರ ಕಾಣಲಿಲ್ಲ. ‘ನಮ್ಮ ಪ್ರತಿನಿಧಿ ನಿಮ್ಮನ್ನು ಸಂಪರ್ಕಿಸುತ್ತಾರೆ’ ಎಂದು ಬಂತು.

ಚಹಾ ಮುಗಿಯುವಷ್ಟರಲ್ಲಿ ಫೋನುಗಳು ಶುರುವಾದವು. ಮೊದಲ ಮೂರು ಹಿಂದಿಯಲ್ಲಿ. ಅವುಗಳನ್ನು ಅವರು ಬ್ಯಾಂಕಿನವರ ಗತ್ತಿನಲ್ಲೇ ಕತ್ತರಿಸಿದರು. ನಾಲ್ಕನೆಯದು ಹೀಗಿತ್ತು: “ನಮಸ್ಕಾರ್ರೀ ಸರ್. ಹೆಸರು ನೋಡಿದ ಕೂಡ್ಲೇ ಗೊತ್ತಾತ್ರಿ, ನೀವು ನಮ್ಮ ಕಡೆಯವ್ರು ಅಂತ.”

ಊರು ಬಿಟ್ಟು ಇರುವವರಿಗೆ ಈ ಮಾತು ಏನು ಮಾಡುತ್ತದೆ ಎಂದು ವಿವರಿಸಬೇಕಿಲ್ಲ. ದಿನವಿಡೀ ಮರಾಠಿ, ಹಿಂದಿ ಆಡಿದ ನಾಲಗೆಗೆ ‘ಆತ್ರಿ’, ‘ಹೌದ್ರಿ’ ಕೇಳಿದರೆ ಬಾಗಿಲ ಚಿಲಕ ತಾನೇ ಸರಿಯುತ್ತದೆ. ಹುಡುಗ ಸಪ್ತಾಪುರದ ಬಗ್ಗೆ ಮಾತಾಡಿದ, ಮಳೆ ಹೇಗಿದೆ ಎಂದ, ಪೇಢೆಯ ಮಾತೂ ಬಂತು. ಆಮೇಲೆ ವ್ಯವಹಾರ. “ಇವತ್ತ ರಾತ್ರಿ ಹನ್ನೆರಡಕ್ಕ ಪಾಲಿಸಿ ಮುಗಿತೈತ್ರಿ ಸರ್. ನಾಳೆ ಆದ್ರ ಗಾಡಿ ಇನ್ಸ್‌ಪೆಕ್ಷನ್ ಮಾಡ್ಬೇಕಾಗ್ತದ.” ಇದು ಸುಳ್ಳಲ್ಲ. ಪಾಲಿಸಿ ತಪ್ಪಿಹೋದರೆ ಕಂಪನಿಗಳು ಗಾಡಿ ನೋಡದೆ ಪೂರ್ತಿ ವಿಮೆ ಕೊಡುವುದು ಕಡಿಮೆ. ಅವನು ಹೇಳಿದ ಹೆಚ್ಚಿನ ಮಾತುಗಳು ನಿಜವೇ ಆಗಿದ್ದವು. ಗಾಡಿಯ ಮಾಡೆಲ್, ವರ್ಷ, ಹಳೆಯ ಕಂಪನಿಯ ಹೆಸರು ಎಲ್ಲವೂ ಸರಿ. ನಮ್ಮ ಬಗ್ಗೆ ಅಷ್ಟು ಗೊತ್ತಿದ್ದವನು ಕಂಪನಿಯವನೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಇಷ್ಟೆಲ್ಲ ತಿಳಿಯಲು ಗಾಡಿಯ ನಂಬರೊಂದೇ ಸಾಕು ಎಂಬುದು ಆಗ ತಲೆಗೆ ಹೋಗಲಿಲ್ಲ.

ದರ: ಬಂಪರ್ ಟು ಬಂಪರ್, ಎಲ್ಲ ಸೇರಿ 3,900 ರೂಪಾಯಿ. ಹಿಂದಿನ ವರ್ಷ ಅವರು ಕೊಟ್ಟದ್ದು ಎಂಟು ಸಾವಿರದ ಮೇಲೆ.

“ಇಷ್ಟ ಸೋವಿ ಹೆಂಗ್ರಿ?” ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳಿದರು.

“ಆನ್‌ಲೈನ್‌ನಾಗ ಕಮಿಷನ್ ಇರೂದಿಲ್ಲ,” ಎಂದರು ಇವರು. ಹುಡುಗ ಹೇಳಿದ ಉತ್ತರವನ್ನೇ ತಮ್ಮದು ಎಂಬಂತೆ.

ಹಣ ಹೋದದ್ದು ಯುಪಿಐಯಲ್ಲಿ, ಒಬ್ಬ ವ್ಯಕ್ತಿಯ ಹೆಸರಿಗೆ. ಆಫೀಸಿನ ಅಕೌಂಟೆಂಟ್ ಎಂದ. ಅರ್ಧ ಗಂಟೆಯಲ್ಲಿ ವಾಟ್ಸಾಪ್‌ಗೆ ಪಾಲಿಸಿ ಬಂತು: ಕಂಪನಿಯ ಲಾಂಛನ, ಸಹಿ, ಪಾಲಿಸಿ ನಂಬರು, ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಅವರು ಬ್ಯಾಂಕಿನ ಮನುಷ್ಯ, ಪರೀಕ್ಷೆ ಮಾಡದೇ ಬಿಡಲಿಲ್ಲ. ಎರಡು ದಿನ ಬಿಟ್ಟು ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರು ಹಾಕಿ ನೋಡಿದರು. ವಿಮೆ ಚಾಲ್ತಿಯಲ್ಲಿದೆ. ಅದೇ ಕಂಪನಿ, ಅದೇ ದಿನಾಂಕ. ನೆಮ್ಮದಿಯಾಯಿತು.

ಆ ನೆಮ್ಮದಿ ಹತ್ತು ತಿಂಗಳು ಉಳಿಯಿತು. ಅಷ್ಟರಲ್ಲಿ ಕಾರು ಎರಡು ಸಲ ಧಾರವಾಡಕ್ಕೆ ಹೋಗಿಬಂತು. ಜೂನ್‌ನ ಒಂದು ಸಂಜೆ, ಮಳೆಯಲ್ಲಿ, ಕರ್ವೆ ರಸ್ತೆಯಿಂದ ತಿರುಗುವಾಗ ಕಾರಿನ ಎಡಗಡೆ ಒಂದು ಸ್ಕೂಟರಿಗೆ ತಗಲಿತು. ಓಡಿಸುತ್ತಿದ್ದ ಹುಡುಗ ಕಾಲೇಜಿಗೆ ಹೋಗುವವನು. ಮುಂಗೈ ಮೂಳೆ ಎರಡು ಕಡೆ ಮುರಿದಿತ್ತು. ಇವರೇ ಆಸ್ಪತ್ರೆಗೆ ಕರೆದೊಯ್ದರು. ಆ ಹುಡುಗನ ತಾಯಿಗೆ “ಚಿಂತಿ ಮಾಡಬ್ಯಾಡ್ರಿ, ಇನ್ಶೂರೆನ್ಸ್ ಅದ” ಎಂದು ಮರಾಠಿಯಲ್ಲಿ ಹೇಳಿದರು. ಈಗಲೂ ಅವರನ್ನು ಕಾಡುವುದು ಆ ಒಂದು ವಾಕ್ಯ.

ಕ್ಲೇಮ್ ದಾಖಲಿಸಲು ಹೈದರಾಬಾದಿನಲ್ಲಿರುವ ಮಗಳು ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ ಪಾಲಿಸಿ ನಂಬರು ಹಾಕಿದಳು. ಪಾಲಿಸಿ ನಿಜವಾಗಿಯೂ ಇತ್ತು. ಗಾಡಿ ನಂಬರೂ ಇವರದೇ. ಆದರೆ ವಾಹನದ ವರ್ಗ ಎಂಬಲ್ಲಿ ‘ದ್ವಿಚಕ್ರ, 75 ಸಿಸಿ ಒಳಗೆ’ ಎಂದಿತ್ತು. ಕಟ್ಟಿದ ಪ್ರೀಮಿಯಂ 635 ರೂಪಾಯಿ. ಮನೆಯಲ್ಲಿದ್ದ ಪಿಡಿಎಫ್ ಅದರ ಮೇಲೆ ತಿದ್ದಿದ ಪ್ರತಿ. ಕಾರಿನ ನಂಬರಿಗೆ ಮೊಪೆಡ್ಡಿನ ಪಾಲಿಸಿ ಕೊಂಡು, ಉಳಿದ ಹಣ ಜೇಬಿಗೆ ಹಾಕಿಕೊಂಡಿದ್ದ. ಆ್ಯಪ್‌ ವಿಮೆ ಇದೆ ಎಂದದ್ದೂ ಇದಕ್ಕೇ. ಅದು ತೋರಿಸಿದ್ದು ಯಾವ ಕಂಪನಿ, ಎಲ್ಲಿಯವರೆಗೆ ಎಂಬುದನ್ನು. ಯಾವ ಬಗೆಯ ಪಾಲಿಸಿ ಎಂಬುದನ್ನಲ್ಲ.

ಆ ರಾತ್ರಿ ಅವರು ಹಳೆಯ ಲಕೋಟೆಯೊಂದರ ಹಿಂದೆ ಲೆಕ್ಕ ಬರೆದರು. ಹತ್ತು ತಿಂಗಳ ಹಿಂದೆ ಬರೆಯಬೇಕಿದ್ದ ಲೆಕ್ಕ. ಕಾರಿನ ಪಾಲಿಸಿಯಲ್ಲಿ ಎರಡು ಭಾಗ. ನಮ್ಮ ಗಾಡಿಯ ಹಾನಿಗೆ ಒಂದು. ಇದರ ದರ ಕಂಪನಿಯ ಇಚ್ಛೆ, ಇಲ್ಲಿ ರಿಯಾಯಿತಿ ಸಾಧ್ಯ. ಬೇರೆಯವರಿಗೆ ಆಗುವ ಹಾನಿಗೆ ಇನ್ನೊಂದು, ಥರ್ಡ್ ಪಾರ್ಟಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ, ಮತ್ತು ಇದರ ದರವನ್ನು ಸರ್ಕಾರವೇ ಅಧಿಸೂಚನೆಯಲ್ಲಿ ಪ್ರಕಟಿಸುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ ಖಾಸಗಿ ಕಾರಿಗೆ 1000 ಸಿಸಿವರೆಗೆ 2,094, 1500ರವರೆಗೆ 3,416, ಅದರ ಮೇಲೆ 7,897 ರೂಪಾಯಿ. ಅವರದು 1200 ಸಿಸಿ ಗಾಡಿ. 3,416ಕ್ಕೆ ಶೇಕಡಾ 18 ಜಿಎಸ್‌ಟಿ ಸೇರಿಸಿದರೆ 4,031. ಸ್ವಂತ ಗಾಡಿಯ ಹಾನಿಗೆ ಒಂದು ಪೈಸೆ ಸೇರಿಸದೆಯೇ ಇಷ್ಟು. 3,900ಕ್ಕೆ ಬಂಪರ್ ಟು ಬಂಪರ್ ಕೊಡಲು ಈ ದೇಶದ ಯಾವ ಕಂಪನಿಗೂ ಆಗುವುದಿಲ್ಲ. ನಲವತ್ತು ವರ್ಷ ಬಡ್ಡಿ ಲೆಕ್ಕ ಹಾಕಿದ ಕೈ ಈ ಒಂದು ಗುಣಾಕಾರ ಮಾಡಲಿಲ್ಲ.

ಲಕೋಟೆಯ ಮೇಲೆ ಇನ್ನೂ ಒಂದು ಸಾಲಿತ್ತು: ‘ಎನ್‌ಸಿಬಿ 50%?’ ಹಿಂದಿನ ವರ್ಷವೇ ಹಿಂಬದಿಯ ಬಂಪರಿಗೆ ಕ್ಲೇಮ್ ಪಡೆದಿದ್ದರು, ಹಾಗಾಗಿ ನೋ ಕ್ಲೇಮ್ ಬೋನಸ್ ಸೊನ್ನೆಗೆ ಇಳಿದಿರಬೇಕು. ಐವತ್ತು ಮುಟ್ಟಲು ಕ್ಲೇಮ್ ಇಲ್ಲದ ಐದು ವರ್ಷ ಬೇಕು. ಪಿಡಿಎಫ್‌ನಲ್ಲಿ ಐವತ್ತು ಎಂದು ಅಚ್ಚಾಗಿತ್ತು. ನೋಡಿದ್ದರು ಕೂಡ. ಲಾಭವಾದ ತಪ್ಪನ್ನು ಯಾರು ಎತ್ತಿ ತೋರಿಸುತ್ತಾರೆ?

ಮಗಳು 1930ಕ್ಕೆ ಫೋನು ಮಾಡಿದಳು. ಹಣ ಹೋದ ಮೊದಲ ಗಂಟೆಗಳಲ್ಲಿ ಮಾಡಿದ್ದರೆ ಅದನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಇರುತ್ತಿತ್ತು. ಹತ್ತು ತಿಂಗಳ ಮೇಲೆ ಸಿಕ್ಕಿದ್ದು ದೂರಿನ ಸಂಖ್ಯೆ. ಫಾರ್ಮ್ ತುಂಬಿದ ಆ ಸೈಟು ವಿಮಾ ಪ್ರಾಧಿಕಾರದ ಪಟ್ಟಿಯಲ್ಲಿ, ಅಂದರೆ ಲೈಸೆನ್ಸ್ ಪಡೆದ ಕಂಪನಿ, ಬ್ರೋಕರ್, ವೆಬ್ ಅಗ್ರಿಗೇಟರ್‌ಗಳ ಪೈಕಿ, ಎಲ್ಲೂ ಇರಲಿಲ್ಲ. ಹುಡುಗನ ಕೈಗೆ ಪ್ಲೇಟು ಹಾಕಿದ ಖರ್ಚು ಲಕ್ಷ ದಾಟಿತು, ಅದನ್ನು ಎಫ್‌ಡಿ ಮುರಿದು ಕೊಟ್ಟರು. ಪರಿಹಾರದ ಪ್ರಕರಣ ನ್ಯಾಯಮಂಡಳಿಯಲ್ಲಿದೆ. ಹುಡುಗನ ತಾಯಿ ಒಮ್ಮೆಯೂ ಜೋರಾಗಿ ಮಾತಾಡಿಲ್ಲ, ಅದು ಇನ್ನೂ ಕಷ್ಟ.

ಹೊಸ ಪಾಲಿಸಿಯನ್ನು ಅವರು ಕಂಪನಿಯ ವಿಳಾಸವನ್ನು ತಾವೇ ಟೈಪ್ ಮಾಡಿ, ಕಂಪನಿಯ ಹೆಸರಿಗೇ ಹಣ ಕಟ್ಟಿ ಕೊಂಡರು. ಎಂಜಿನ್ ನಂಬರು, ಚಾಸಿ ನಂಬರುಗಳನ್ನು ಆರ್‌ಸಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಅಂಕಿ ಓದಿದರು. ಹೆಂಡತಿ ಎದುರು ಕೂತು ಹೂಂಗುಟ್ಟಿದರು.

ಮರುವಾರ ಒಂದು ಫೋನು ಬಂತು. ಹೆಣ್ಣುಮಗಳು, ಎಳೆಯ ದನಿ. “ನಮಸ್ಕಾರ್ರೀ ಸರ್, ಪಾಲಿಸಿ ಮುಟ್ಟಿತೇನ್ರಿ?” ಹೊಸ ಕಂಪನಿಯವಳೇ ಇರಬಹುದು. ಅವರು ಕೇಳಲಿಲ್ಲ. “ಕನ್ನಡದಾಗ ಮಾತಾಡಬ್ಯಾಡ,” ಎಂದು ಗದರಿ ಇಟ್ಟುಬಿಟ್ಟರು.

“ಯಾರ ಮನಿ ಮಗಳೋ, ಪಾಪ,” ಎಂದರು ಹೆಂಡತಿ.

ಆ ನಂಬರಿಗೆ ಅವರು ತಿರುಗಿ ಫೋನು ಮಾಡಲಿಲ್ಲ. ಬ್ಲಾಕ್ ಕೂಡ ಮಾಡಲಿಲ್ಲ.