ಖಾಲಿ ಬಂದ ಡಬ್ಬಿ

ನನ್ನ ಮಗಳು ಏಳು ವರ್ಷದವಳಾಗುವವರೆಗೆ ತಿನ್ನುತ್ತಿದ್ದದ್ದು ಐದೇ ಐದು ಪದಾರ್ಥ. ಎರಡು ನಿಮಿಷದ ನೂಡಲ್ಸ್, ಗ್ಲೂಕೋಸ್ ಬಿಸ್ಕತ್ತು, ಬ್ರೆಡ್ಡು ಜಾಮು, ಮಾಲ್ಟ್ ಪುಡಿ ಕಲಸಿದ ಹಾಲು, ಮತ್ತೆ ಏಲಕ್ಕಿ ಬಾಳೆಹಣ್ಣು. ಅನ್ನ ಕಂಡರೆ ಮುಖ ಆ ಕಡೆ. ಇಡ್ಲಿ ಬಾಯಿಗಿಟ್ಟರೆ ಅರ್ಧ ಗಂಟೆ ಕೆನ್ನೆಯಲ್ಲೇ ಇರುತ್ತಿತ್ತು. ಮೊದಮೊದಲು ಗದರಿದೆವು, ಕಥೆ ಹೇಳಿದೆವು, ಮೊಬೈಲು ತೋರಿಸಿದೆವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆ. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ವ್ಯಾನು. ಹೊಟ್ಟೆಗೆ ಏನಾದರೂ ಹೋದರೆ ಸಾಕು ಅನ್ನುವ ಸ್ಥಿತಿಗೆ ಬಂದು, ಆ ಐದನ್ನೇ ತಿರುಗಿಸಿ ಮುರುಗಿಸಿ ಕೊಟ್ಟೆವು. ಊರಿಗೆ ಹೋದಾಗಲೆಲ್ಲ ತಿಪಟೂರಿನಲ್ಲಿ ನನ್ನಮ್ಮ "ಮಗೀಗೆ ಮುದ್ದೆ ಅಭ್ಯಾಸ ಮಾಡಿಸ್ರೋ, ಕಡ್ಡಿ ಆಗೋಗವ್ಳೆ" ಅನ್ನೋಳು. ನಾವು ನಗುತ್ತಿದ್ದೆವು.

ಕಡ್ಡಿಯಾಗಿದ್ದು ನಿಜ. ಏಳು ವರ್ಷಕ್ಕೆ ಹದಿನಾರು ಕೆಜಿ. ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಜಂತುಹುಳದ ಮಾತ್ರೆ, ಕಬ್ಬಿಣದ ಟಾನಿಕ್ಕು ಎಲ್ಲ ಆದವು. 2023ರ ಜೂನ್‌ನಲ್ಲಿ ಒಬ್ಬ ಡಾಕ್ಟರು ರಕ್ತದಲ್ಲಿ ಟಿಟಿಜಿ ಅನ್ನುವ ಪರೀಕ್ಷೆ ಬರೆದರು. ಅದು ವಿಪರೀತ ಜಾಸ್ತಿ ಬಂತು. ಆಮೇಲೆ ಎಂಡೋಸ್ಕೋಪಿ, ಬಯಾಪ್ಸಿ. ಸೀಲಿಯಾಕ್ ಕಾಯಿಲೆ ಅಂದರು. ಗೋಧಿ, ಬಾರ್ಲಿ, ರೈ ಈ ಧಾನ್ಯಗಳಲ್ಲಿರುವ ಗ್ಲೂಟೆನ್ ಅನ್ನುವ ಪ್ರೋಟೀನು ಒಳಗೆ ಹೋದರೆ ದೇಹ ತನ್ನ ಕರುಳಿನ ಮೇಲೆ ತಾನೇ ದಾಳಿ ಮಾಡುತ್ತದೆ. ಸಣ್ಣ ಕರುಳಿನ ಒಳಗೋಡೆ ಟರ್ಕಿ ಟವೆಲ್ಲಿನ ಹಾಗೆ, ಲಕ್ಷಾಂತರ ಸಣ್ಣ ಸಣ್ಣ ಎಳೆಗಳಿಂದ ಇರಬೇಕು. ಊಟದ ಸಾರ ಹೀರುವುದು ಆ ಎಳೆಗಳೇ. ಇವಳದ್ದು ಬಹುತೇಕ ಸವೆದ ಟವೆಲ್ಲು. ಮಾತ್ರೆ ಇಲ್ಲ, ಇಂಜೆಕ್ಷನ್ ಇಲ್ಲ. ಗೋಧಿ ಪೂರ್ತಿ ಬಿಟ್ಟರೆ ಎಳೆಗಳು ತಾವೇ ಬೆಳೆದುಕೊಳ್ಳುತ್ತವೆ, ಮಕ್ಕಳಲ್ಲಿ ಇನ್ನೂ ಬೇಗ. ಬಿಡುವುದು ಮಾತ್ರ ಜೀವನಪೂರ್ತಿ.

ಈಗ ಆ ಐದರ ಲೆಕ್ಕ ನೋಡಿ. ನೂಡಲ್ಸ್ ಮೈದಾ. ಬಿಸ್ಕತ್ತು ಮೈದಾ. ಬ್ರೆಡ್ಡು ಮೈದಾ. ಮಾಲ್ಟ್ ಪುಡಿ ಅಂದರೆ ಮೊಳಕೆ ಬರಿಸಿದ ಬಾರ್ಲಿ. ಹಾಲೂ ಎರಡು ತಿಂಗಳು ಬೇಡ ಅಂದರು, ಹಾಲಿನ ಲ್ಯಾಕ್ಟೋಸ್ ಅರಗಿಸುವ ಕಿಣ್ವ ತಯಾರಾಗುವುದೂ ಆ ಎಳೆಗಳ ತುದಿಯಲ್ಲೇ ಅಂತೆ. ಉಳಿದದ್ದು ಬಾಳೆಹಣ್ಣು. ಆಮೇಲೆ ಓದಿದೆ, ಗೋಧಿಯೇ ಕಾರಣ ಅಂತ ಗೊತ್ತಿಲ್ಲದ ಕಾಲದಲ್ಲಿ, 1924ರಲ್ಲಿ, ನ್ಯೂಯಾರ್ಕಿನ ಸಿಡ್ನಿ ಹಾಸ್ ಎಂಬ ವೈದ್ಯರು ಇಂಥ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಮಾಡಿಸಿ ಗುಣಪಡಿಸಿದ್ದರಂತೆ. ನನ್ನ ಮಗಳು ತಾನಾಗಿಯೇ ಅಲ್ಲಿಗೆ ತಲುಪಿದ್ದಳು ಅನ್ನಿ.

ಸಂಬಂಧಿಕರ ವಾಟ್ಸಾಪಿನಿಂದ 'ಗಟ್ ಹೀಲಿಂಗ್' ವೀಡಿಯೋಗಳು ಬರತೊಡಗಿದವು. ಒಬ್ಬರು ಮೂಳೆ ಸೂಪು ಅಂದರು, ಇನ್ನೊಬ್ಬರು ಧಾನ್ಯವೇ ಬೇಡ ಅಂದರು, ಮತ್ತೊಬ್ಬರು ಮೂರು ವಾರದಲ್ಲಿ ಕರುಳು ಹೊಸದು ಅಂದರು. ಮೊದಲೇ ಏನೂ ತಿನ್ನದ ಮಗುವಿನ ಕೈಯಿಂದ ಅನ್ನವನ್ನೂ ಕಿತ್ತುಕೊಳ್ಳುವ ಧೈರ್ಯ ನನಗಿರಲಿಲ್ಲ. ಗ್ರೂಪು ಮ್ಯೂಟ್ ಮಾಡಿದೆ.

ಚೆನ್ನೈ ಇಡ್ಲಿ ದೋಸೆಯ ಊರು, ಇಲ್ಲಿ ಏನು ಕಷ್ಟ ಅಂದುಕೊಂಡಿದ್ದೆ. ಕಷ್ಟ ಶುರುವಾದದ್ದು ಶಾಲೆಯಲ್ಲಿ. ಮಿಸ್ ಒಳ್ಳೆಯವರು. "ಗೋಧಿ ಕೊಡಲ್ಲ ಸಾರ್, ರವೆ ಉಪ್ಪಿಟ್ಟು ಪರವಾಗಿಲ್ಲ ತಾನೆ?" ಅಂದರು. ರವೆಯೂ ಗೋಧಿಯೇ ಅಂದಾಗ ಅವರಿಗೆ ನಿಜವಾಗಿಯೂ ಆಶ್ಚರ್ಯ. ಕ್ರಾಫ್ಟ್ ಕ್ಲಾಸಿನ ಅಂಟು ಮೈದಾದ್ದು, ಕೈ ತೊಳೆಯದೆ ಬಾಯಿಗೆ ಹೋಗುತ್ತದೆ ಅಂದಾಗ ಸ್ವಲ್ಪ ಅತಿಯಾಯಿತು ಅನ್ನಿಸಿರಬೇಕು. ಆಯಾ ಅಕ್ಕನಿಗೆ ನನ್ನ ಹರಕು ತಮಿಳಿನಲ್ಲಿ "ಗೋದುಮೈ, ಮೈದಾ, ರವೈ, ಎದುವುಮೇ ಕೂಡಾದು" ಅಂತ ಪಾಠ ಒಪ್ಪಿಸಿದೆ. ಅವರಿಗೆ ಮಾತ್ರ ಒಂದೇ ಸಲಕ್ಕೆ ಅರ್ಥವಾಯಿತು.

ಅವರ ಮೊಮ್ಮಗ ಕಾರ್ಪೊರೇಷನ್ ಶಾಲೆಯಲ್ಲಿ ಓದುತ್ತಾನೆ, ಬೆಳಗಿನ ತಿಂಡಿ ಅಲ್ಲೇ. 2022ರ ಸೆಪ್ಟೆಂಬರಿನಲ್ಲಿ ಶುರುವಾದ ಮುಖ್ಯಮಂತ್ರಿಗಳ ಉಪಾಹಾರ ಯೋಜನೆ ಅದು. ಒಳ್ಳೆಯ ಯೋಜನೆ, ಹಸಿದು ಬರುವ ಮಕ್ಕಳಿಗೆ ಬಿಸಿ ತಿಂಡಿ. ಆದರೆ ಅದರ ಪಟ್ಟಿ ನೋಡಿದರೆ ರವೆ ಉಪ್ಪಿಟ್ಟು, ಶಾವಿಗೆ ಉಪ್ಪಿಟ್ಟು, ಗೋಧಿ ರವೆ, ಕಿಚಡಿ. ನನ್ನ ಮಗಳಂಥದ್ದೊಂದು ಮಗು ಅಲ್ಲಿದ್ದರೆ, ಅದಕ್ಕೆ ಹೆಸರಿಟ್ಟು ಹೇಳುವ ಡಾಕ್ಟರು ಯಾರು, ಡಬ್ಬಿ ಕಟ್ಟುವವರು ಯಾರು ಅಂತ ಯೋಚನೆ ಬಂದು, ಆ ದಿನ ನನ್ನ ಗೋಳು ಸ್ವಲ್ಪ ಕಡಿಮೆಯಾಯಿತು.

ಹುಟ್ಟುಹಬ್ಬದ ದಿನ ಹಂಚುವ ಚಾಕೊಲೇಟು ಇನ್ನೊಂದು ತಲೆನೋವು. ಅದಕ್ಕೆ ಕೋವಿಲ್‌ಪಟ್ಟಿ ಕಡಲೆಮಿಠಾಯಿಯ ಡಬ್ಬವೊಂದನ್ನು ಮಿಸ್ ಬೀರುವಿನಲ್ಲಿ ಇಟ್ಟು ಬಂದೆ. ಕಡಲೆಕಾಯಿ, ಬೆಲ್ಲ, ಅಷ್ಟೇ. ಯಾರದ್ದೇ ಹುಟ್ಟುಹಬ್ಬವಾದರೂ ಇವಳಿಗೆ ಅದರಲ್ಲಿ ಒಂದು. ಈ ಮಿಠಾಯಿ ಅವಳ ಪಟ್ಟಿಯ ಆರನೆಯ ಪದಾರ್ಥವಾಯಿತು. ಏಳನೆಯದು ಒತ್ತು ಶಾವಿಗೆ. ನೂಡಲ್ಸ್ ಹೋದ ದುಃಖದಲ್ಲಿದ್ದವಳಿಗೆ ಅದನ್ನು 'ಬಿಳಿ ನೂಡಲ್ಸ್' ಅಂತ ಮಾರಿದೆ. ಅಕ್ಕಿ ನೆನೆಸಿ, ಮನೆಯ ಗ್ರೈಂಡರಿನಲ್ಲಿ ರುಬ್ಬಿ, ಬೇಯಿಸಿ, ಒತ್ತುವುದು. ಬೆಳಿಗ್ಗೆ ಐದಕ್ಕೆ ಎದ್ದು ಶಾವಿಗೆ ಒರಳಿನ ಮೇಲೆ ತೂಗಾಡುವ ಸಾಫ್ಟ್‌ವೇರ್ ಇಂಜಿನಿಯರನ್ನು ಕಲ್ಪಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ಅದು ಗಟ್ಟಿಯಾಗಿ ಹಗ್ಗವಾಗುತ್ತದೆ. ಬಿಸಿ ಇರುವಾಗಲೇ ಕತ್ತರಿಯಲ್ಲಿ ಚಿಕ್ಕದಾಗಿ ಕತ್ತರಿಸಿ ಕೊಬ್ಬರಿ ಎಣ್ಣೆ ಸವರಿದರೆ ಬಿಡಿಬಿಡಿಯಾಗಿರುತ್ತದೆ. ಇದನ್ನು ಕಂಡುಹಿಡಿಯಲು ಎರಡು ವಾರ ಹಿಡಿಯಿತು.

ಇನ್ನು ರಾಗಿ. ಅಮ್ಮ ಗೆದ್ದಿದ್ದರು. ತಿಪಟೂರಿನಿಂದ ಮೂಟೆ ಬಂತು. ನಾನು ಅದನ್ನು ತೊಳೆದು, ಒಣಗಿಸಿ, ಮೇಡವಾಕ್ಕಂನಲ್ಲಿ ನಮ್ಮ ಮನೆಯ ಹಿಂದಿನ ಬೀದಿಯ ಮಿಲ್ಲಿನಲ್ಲಿ ಬೀಸಿಸಿಕೊಂಡು ಬಂದೆ. ಬೆಳಿಗ್ಗೆ ರಾಗಿ ದೋಸೆ, ರಾತ್ರಿ ರಾಗಿ ಗಂಜಿ. ಅವಳಿಗೆ ಸುತರಾಂ ಇಷ್ಟವಿಲ್ಲ. ಅಳುತ್ತಾ ತಿನ್ನುತ್ತಿದ್ದಳು. ಎದುರು ಕೂತು ತಿನ್ನಿಸುತ್ತಿದ್ದೆ. ಔಷಧಿ ಅಂದುಕೋ ಅನ್ನುತ್ತಿದ್ದೆ.

ನವೆಂಬರ್ ಕೊನೆಯಲ್ಲಿ ಮತ್ತೆ ರಕ್ತ ಪರೀಕ್ಷೆ. ಐದು ತಿಂಗಳ ಪಥ್ಯಕ್ಕೆ ಅರ್ಧಕ್ಕರ್ಧವಾದರೂ ಇಳಿದಿರುತ್ತದೆ ಅಂದುಕೊಂಡಿದ್ದೆ. ಇಳಿದೇ ಇಲ್ಲ ಅನ್ನುವಷ್ಟು ಇಳಿದಿತ್ತು. ಹೊಟ್ಟೆನೋವು ಹಾಗೇ ಇತ್ತು. "ಎಲ್ಲೋ ಗೋಧಿ ಹೋಗ್ತಾ ಇದೆ" ಅಂದರು ಡಾಕ್ಟರು.

ಎಲ್ಲಿ ಅಂತ ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಯಿತು ಅಂದುಕೊಂಡೆ. ಕೆಲವು ವಾರಗಳಿಂದ ಊಟದ ಡಬ್ಬಿ ಖಾಲಿಯಾಗಿ ಬರುತ್ತಿತ್ತು. ಒಂದು ಎಳೆ ಶಾವಿಗೆಯೂ ಇಲ್ಲದ ಹಾಗೆ, ಒರೆಸಿಟ್ಟಂತೆ. ಅಷ್ಟು ಚೊಕ್ಕಟವಾಗಿ ತಿನ್ನುವ ಮಗುವಲ್ಲ ಇದು. ಗೆಳತಿಯರ ಜೊತೆ ಅದಲು ಬದಲು ನಡೆಯುತ್ತಿದೆ, ಪೂರಿ ಚಪಾತಿ ತಿನ್ನುತ್ತಿದ್ದಾಳೆ. ಆಫೀಸಿನಲ್ಲಿ ಬಗ್ ಹುಡುಕುವ ಬುದ್ಧಿ ಎಷ್ಟು ಬೇಗ ಓಡಿತು ಅಂದರೆ, ಎರಡನೆಯ ಸಾಧ್ಯತೆ ಇರಬಹುದು ಅಂತ ಹೊಳೆಯಲೇ ಇಲ್ಲ. ಆ ಸಂಜೆ ವ್ಯಾನಿನಿಂದ ಇಳಿದವಳನ್ನು ರಸ್ತೆಯಲ್ಲೇ ನಿಲ್ಲಿಸಿ ಕೇಳಿದೆ. "ನಾನು ಏನೂ ತಿಂದಿಲ್ಲ ಅಪ್ಪ" ಅಂದಳು. "ಮತ್ತೆ ಡಬ್ಬಿ ಹೇಗೆ ಖಾಲಿ?" ಅಂದೆ. ಸುಮ್ಮನಾದಳು. ಆ ಮೌನವನ್ನೇ ತಪ್ಪೊಪ್ಪಿಗೆ ಅಂತ ಓದಿಕೊಂಡೆ. ಸುಳ್ಳು ಹೇಳಬೇಡ ಅಂತ ಕೂಗಿದೆ. ಮಾರನೆಯ ದಿನ ಮಿಸ್‌ಗೆ ಫೋನು ಮಾಡಿ, ಊಟದ ಹೊತ್ತಿನಲ್ಲಿ ಇವಳನ್ನು ಬೇರೆ ಕೂರಿಸಿ ಅಂತ ನಾನೇ ಕೇಳಿಕೊಂಡೆ. ಶಾಲೆಯವರು ಕೇಳಿದ್ದಲ್ಲ. ಅವತ್ತಿನಿಂದ ಕಾರಿಡಾರಿನ ಬೆಂಚಿನಲ್ಲಿ, ಆಯಾ ಅಕ್ಕನ ಪಕ್ಕ, ಒಬ್ಬಳೇ.

ಡಿಸೆಂಬರ್ 3 ಮತ್ತು 4ರಂದು ಮಿಚಾಂಗ್ ಚಂಡಮಾರುತದ ಮಳೆ. ನಾವಿರುವ ಕಡೆ ಪಳ್ಳಿಕರಣೈ ಜೌಗು ಪ್ರದೇಶದ ಆಸುಪಾಸು, ಕೇಳಬೇಕೇ. ನಮ್ಮದು ಎರಡನೇ ಮಹಡಿ, ಕೆಳಗೆ ಮೊಣಕಾಲು ಮೀರಿ ನೀರು. ನಾಲ್ಕು ದಿನ ಕರೆಂಟಿಲ್ಲ. ಗ್ರೈಂಡರಿಲ್ಲ, ಶಾವಿಗೆಯಿಲ್ಲ. ರಾಗಿ ಹಿಟ್ಟು ಮುಗಿದಿತ್ತು, ಮಿಲ್ಲಿನ ಮೋಟಾರು ನೀರಲ್ಲಿ ಮುಳುಗಿತ್ತು. ಅನ್ನದ ಗಂಜಿಗೆ ಉಪ್ಪು ಹಾಕಿ ಕೊಟ್ಟೆವು. ಅನ್ನ ಮುಟ್ಟದವಳು ಮೇಣದಬತ್ತಿ ಬೆಳಕಿನಲ್ಲಿ ಎರಡು ಬಟ್ಟಲು ಕುಡಿದಳು. ಮಿಲ್ಲು ಮತ್ತೆ ತೆರೆಯಲು ತಿಂಗಳು ಹಿಡಿಯಿತು. ಅಷ್ಟೂ ದಿನ ರಾಗಿಯಿಲ್ಲ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಒಂದು ದಿನ ನನ್ನ ಹೆಂಡತಿ, "ಹೊಟ್ಟೆನೋವು ಅಂತ ಅವಳು ಹೇಳಿ ಎಷ್ಟು ದಿನ ಆಯ್ತು?" ಅಂದಳು. ಇಬ್ಬರಿಗೂ ನೆನಪಾಗಲಿಲ್ಲ. ಶಾಲೆಯಲ್ಲಿ ಬೇರೆ ಕೂರಿಸಿದ್ದರ ಫಲ ಅಂದೆ ನಾನು, ಸ್ವಲ್ಪ ಹೆಮ್ಮೆಯಿಂದಲೇ.

ಜನವರಿಯಲ್ಲಿ ಮಿಲ್ಲು ತೆರೆಯಿತು. ರಾಗಿ ಬೀಸಿಸಿದೆ. ಹತ್ತು ದಿನಕ್ಕೆ ಹೊಟ್ಟೆನೋವು ವಾಪಸ್ಸು. ಅವಳಿನ್ನೂ ಬೆಂಚಿನಲ್ಲೇ ಇದ್ದಳು.

ಡಯಟೀಷಿಯನ್ ಬಳಿ ಓಡಿದೆವು. ಆಕೆ ಒಂದು ವಾರ ತಿಂದದ್ದನ್ನೆಲ್ಲ ಬರೆಸಿಕೊಂಡು, ರಾಗಿಯ ಹತ್ತಿರ ಪೆನ್ನು ನಿಲ್ಲಿಸಿ, "ಮಾವು ಎಂಗೆ ಅರೈಕ್ಕಿರೀಂಗ?" ಅಂದರು. ಹಿಟ್ಟು ಎಲ್ಲಿ ಬೀಸಿಸ್ತೀರಿ?

ಆ ಸಂಜೆ ಮಿಲ್ಲಿಗೆ ಹೋಗಿ ಸುಮ್ಮನೆ ನಿಂತು ನೋಡಿದೆ. ಒಬ್ಬರ ಐದು ಕೆಜಿ ಗೋಧಿ ಮುಗಿಯಿತು. ಅಣ್ಣ ಕೋಲಿನಿಂದ ಯಂತ್ರಕ್ಕೆ ನಾಲ್ಕು ಬಾರಿ ಬಡಿದು, ಅದೇ ಬಾಯಿಗೆ ಇನ್ನೊಬ್ಬರ ರಾಗಿ ಸುರಿದ. ಮೊದಲ ಹಿಡಿಗಳು ಬೆಳ್ಳಗೇ ಬಂದವು. ಆಮೇಲೆ ಬೂದು, ಆಮೇಲೆ ರಾಗಿ ಬಣ್ಣ. ಎಲ್ಲ ಒಂದೇ ಚೀಲಕ್ಕೆ. ಐದು ತಿಂಗಳು ನಾನೂ ಅಲ್ಲೇ ನಿಂತಿದ್ದೆ, ಫೋನಿನಲ್ಲಿ ಮೇಲ್ ನೋಡುತ್ತಾ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಪ್ರಕಾರ ಒಂದು ಕೆಜಿಯಲ್ಲಿ 20 ಮಿಲಿಗ್ರಾಂ ಗ್ಲೂಟೆನ್ ದಾಟಿದರೆ ಅದನ್ನು ಗ್ಲೂಟೆನ್ ರಹಿತ ಅನ್ನುವಂತಿಲ್ಲ. ನನ್ನ ಚೀಲದ ಲೆಕ್ಕ ಹಾಕಲು ಹೋಗಲಿಲ್ಲ. ಅಳುತ್ತಾ ತಿನ್ನುತ್ತಿದ್ದ ಮಗುವಿಗೆ ದಿನಕ್ಕೆರಡು ಬಾರಿ ಗೋಧಿ ಹಾಕಿದ್ದು ನಾನು.

ಮನೆಗೆ ಬಂದು ಉಳಿದ ಡಬ್ಬಗಳನ್ನೂ ತೆಗೆದೆವು. ಇಂಗಿನ ಡಬ್ಬಿಯ ಮೇಲೆ ಇರುವೆಯಂಥ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು. ಅಂಗಡಿಯಲ್ಲಿ ಸಿಗುವ ಕಾಂಪೌಂಡೆಡ್ ಇಂಗು ಅಂದರೆ ಇಂಗನ್ನು ಹಿಟ್ಟಿಗೋ ಅಂಟಿಗೋ ಬೆರೆಸಿದ್ದು, ಎಷ್ಟೋ ಸಲ ಆ ಹಿಟ್ಟು ಗೋಧಿಯದು. ಸಾರು, ಸಾಂಬಾರು, ಮಜ್ಜಿಗೆ, ಇಂಗಿಲ್ಲದ್ದು ಯಾವುದಿದೆ ಹೇಳಿ. ಈಗ ಅಕ್ಕಿ ಹಿಟ್ಟಿನ ಇಂಗು ತರುತ್ತೇವೆ.

2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಓದಿದೆ. ಈ ಕಾಯಿಲೆಯ ಸುಳಿವು ಕೊಡುವ ಪ್ರತಿಕಾಯಗಳು ರಕ್ತದಲ್ಲಿ ಕಂಡದ್ದು ಉತ್ತರ ಭಾರತದಲ್ಲಿ ಶೇಕಡಾ 1.23 ಜನರಿಗೆ, ದಕ್ಷಿಣದಲ್ಲಿ ಶೇಕಡಾ 0.10 ಜನರಿಗೆ. ಇದಕ್ಕೆ ಬೇಕಾದ ಜೀನುಗಳು ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿವೆ. ವ್ಯತ್ಯಾಸ ತಟ್ಟೆಯಲ್ಲಿ, ಅಲ್ಲಿ ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ನಮ್ಮ ಕಡೆ ಅಪರೂಪವಾದ್ದರಿಂದ ಮಿಲ್ಲಿನ ಅಣ್ಣನಿಗಾಗಲಿ ಮಿಸ್‌ಗಾಗಲಿ ಗೊತ್ತಿಲ್ಲದ್ದು ಸಹಜ. ಗೋಧಿಯೇ ಅಪರಾಧಿ ಅಂತ ತೋರಿಸಿಕೊಟ್ಟ ಡಚ್ ವೈದ್ಯ ವಿಲೆಮ್ ಡಿಕೆ ಅವರ ಕಥೆಯೂ ಸಿಕ್ಕಿತು. 1944-45ರ ಚಳಿಗಾಲದ ಕ್ಷಾಮದಲ್ಲಿ ಬ್ರೆಡ್ಡು ಸಿಗದಿದ್ದಾಗ ಇಂಥ ಮಕ್ಕಳು ಚೇತರಿಸಿಕೊಂಡು, ಬ್ರೆಡ್ಡು ಬಂದ ಮೇಲೆ ಮತ್ತೆ ನೆಲ ಹಿಡಿದರಂತೆ. ಅವರು ಅದನ್ನು ಗಮನಿಸಿದರು. ನಮ್ಮ ಮನೆಯಲ್ಲೂ ನೆರೆ ಬಂದು ಹೋಗಿತ್ತು, ನಾನು ಗಮನಿಸಿದ್ದು ಬೆಂಚನ್ನು.

ಅವತ್ತು ರಾತ್ರಿ ಅವಳ ಹಾಸಿಗೆಯ ಹತ್ತಿರ ಕೂತು, ತಪ್ಪು ನನ್ನದು, ನೀನು ಸುಳ್ಳು ಹೇಳಿರಲಿಲ್ಲ ಅಂದೆ. ಗೋಡೆ ಕಡೆ ತಿರುಗಿಕೊಂಡೇ ಇದ್ದಳು. ಸ್ವಲ್ಪ ಹೊತ್ತಾದ ಮೇಲೆ ಡಬ್ಬಿ ಹೇಗೆ ಖಾಲಿಯಾಗುತ್ತಿತ್ತು ಅಂತ ಕೇಳಿದೆ.

"ಬಿಳಿ ನೂಡಲ್ಸ್ ಎಲ್ಲರಿಗೂ ಇಷ್ಟ. ಅವರಿಗೆ ಕೊಡ್ತಿದ್ದೆ."

"ಅವರು ನಿಂಗೆ ಏನು ಕೊಡ್ತಿದ್ರು?"

"ಕೊಡೋಕೆ ಬರ್ತಿದ್ರು. ನಾನು ತಗೋತಿರಲಿಲ್ಲ. ತಗೋಬಾರ್ದು ಅಂತ ನೀನೇ ಹೇಳಿದ್ದೆಯಲ್ಲ. ಕೊಡಬಾರ್ದು ಅಂತ ಹೇಳಿರಲಿಲ್ಲ."

ಅಂದರೆ ಅರ್ಧ ಡಬ್ಬಿ ಹಂಚಿ, ಅರ್ಧ ಹೊಟ್ಟೆಯಲ್ಲಿ ಮನೆಗೆ ಬರುತ್ತಿದ್ದಳು. ಹಂಚಿದ್ದು ಗೊತ್ತಾದರೆ ಬೈತೀನಿ ಅಂತ ಸುಮ್ಮನಿದ್ದಳು.

ಮಾರನೆಯ ದಿನ ರಜೆ ಹಾಕಿ ಶಾಲೆಗೆ ಹೋದೆ. ಮಿಸ್ ಏನೂ ಅನ್ನಲಿಲ್ಲ. ಅವತ್ತೇ ಅವಳನ್ನು ಒಳಗೆ ಕೂರಿಸಿದರು. ಕೂರಿಸಿದರೂ ಮೊದಲಿನ ಗುಂಪಿನಲ್ಲಿ ಅವಳ ಜಾಗ ತುಂಬಿಹೋಗಿತ್ತು, ಅದು ಸರಿಯಾಗಲು ಇನ್ನೂ ತಿಂಗಳು ಹಿಡಿಯಿತು. ಈಗಲೂ ಕೆಲವು ದಿನ ತಾನಾಗಿಯೇ ಆಯಾ ಅಕ್ಕನ ಪಕ್ಕ ಹೋಗಿ ತಿನ್ನುತ್ತಾಳಂತೆ. ಅಕ್ಕ ಅವಳಿಗೆ ಪಲ್ಲಾಂಗುಳಿ ಕಲಿಸಿದ್ದಾರೆ. ನಾನು ಡಬ್ಬಿಗೆ ಎರಡರಷ್ಟು ಶಾವಿಗೆ ತುಂಬುತ್ತೇನೆ.

2024ರ ಜೂನ್‌ನ ಪರೀಕ್ಷೆಯಲ್ಲಿ ಟಿಟಿಜಿ ಮಾಮೂಲಿಗೆ ಹತ್ತಿರ ಬಂದಿತ್ತು. ತೂಕ ಹತ್ತೊಂಬತ್ತೂವರೆ. ವರದಿಯನ್ನು ಅವಳಿಗೂ ತೋರಿಸಿದೆ. ಬೆರಳಿಟ್ಟು ಅಂಕಿಗಳನ್ನು ಓದಿಕೊಂಡು, "ಹಾಗಾದ್ರೆ ಇನ್ನು ರಾಗಿ ದೋಸೆ ಬೇಡ ತಾನೆ?" ಅಂದಳು.

ಮನೆಯಲ್ಲೇ ಬೀಸಿಕೊಂಡರೆ ರಾಗಿ ಅವಳಿಗೆ ಪೂರ್ತಿ ಸುರಕ್ಷಿತ, ಕಬ್ಬಿಣ ಸುಣ್ಣ ಎಲ್ಲ ಇರುವ ಧಾನ್ಯ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅಮ್ಮ ಪ್ರತಿ ಸಲ ಮೂಟೆ ಕಳಿಸುತ್ತಲೇ ಇದ್ದಾರೆ. ಮಗಳು ತಿಂತಾಳಾ ಅಂತ ಕೇಳುತ್ತಾರೆ. ಖಾಲಿಯಾಯ್ತಮ್ಮ ಅನ್ನುತ್ತೇನೆ. ರಾತ್ರಿ ಮುದ್ದೆ ಮಾಡಿಕೊಂಡು ನಾನೇ ತಿನ್ನುತ್ತೇನೆ.